ಗೋಳಗುಮ್ಮಟ ತೋರಿಸುವವರಿಗೆ ಒಂದು ಬಹಿರಂಗ ಪತ್ರ

ವಿಜಯಪುರದ ಗೈಡ್ ಅಣ್ಣಂದಿರೇ, ಟಾಂಗಾದವರೇ, ಆಟೋದವರೇ, ಮಕ್ಕಳನ್ನು ಟ್ರಿಪ್‌ಗೆ ಕರೆದುಕೊಂಡು ಬರುವ ಮಾಸ್ತರರೇ, ಅಕ್ಕೋರೇ, ಮನೆಗೆ ಬೀಗರು ಬಂದ ಕೂಡಲೇ ‘ನಡೀರಿ, ಗುಮ್ಮಟ ನೋಡ್ಕೊಂಡು ಬರೂಣು’ ಅನ್ನುವ ನನ್ನ ಊರಿನ ಜನರೇ,

ಎಲ್ಲರಿಗೂ ಶರಣು.

ನಾನು ಇಲ್ಲೇ ಒಂದು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತೇನೆ. ಊರಿನ ಅಭಿಮಾನ ಸ್ವಲ್ಪ ಜಾಸ್ತಿಯೇ ಇದೆ. ‘ವಿಜಯಪುರದಾಗ ಬಿಸಿಲು, ಧೂಳು ಬಿಟ್ರ ಏನೈತಿ?’ ಅಂತ ಯಾರಾದರೂ ಅಂದರೆ ಜಗಳಕ್ಕೇ ನಿಲ್ಲುತ್ತೇನೆ. ಹಾಗಾಗಿ ಈ ಪತ್ರವನ್ನು ಊರಿನ ಮೇಲಿನ ದೂರು ಅಂತ ಓದಬೇಡಿ. ನಿಮ್ಮಲ್ಲಿ ಕೇಳಿಕೊಳ್ಳುವುದು ಎರಡೇ ಮಾತು. ಒಂದು ಸುಲಭ. ಇನ್ನೊಂದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಮೊದಲು ಸುಲಭದ್ದು. ‘ಪ್ರಪಂಚದಲ್ಲೇ ಎರಡನೇ ಅತಿ ದೊಡ್ಡ ಗುಮ್ಮಟ’ ಅನ್ನುವ ಮಾತನ್ನು ಇನ್ನು ಬಿಟ್ಟುಬಿಡೋಣ.

ಆ ಮಾತು ನಮ್ಮ ನಾಲಿಗೆಯ ಮೇಲೆ ಹೇಗೆ ಕೂತಿದೆ ಅಂದರೆ, ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತೇವೆ. ಬಂದವರು ‘ಹಂಗಾದ್ರ ಮೊದಲನೇದು ಎಲ್ಲೈತ್ರಿ?’ ಅಂತ ಕೇಳಿದರೆ ‘ರೋಮ್‌ದಾಗ’ ಅಂತೀವಿ. ‘ಅದು ಹೆಂಗೈತ್ರಿ?’ ಅಂದರೆ ಮುಂದೆ ಮಾತಿಲ್ಲ. ನನಗೆ ಕಸಿವಿಸಿ ಆಗುವುದು ಇಲ್ಲೇ. ಮೊದಲು ಇರುವವರು ಯಾರು ಅಂತ ಒಮ್ಮೆಯೂ ಇಣುಕಿ ನೋಡದೆ ನಾವು ಎರಡನೆಯವರು ಅಂತ ಎದೆ ತಟ್ಟಿಕೊಳ್ಳುತ್ತಿದ್ದೇವೆ.

ಸರಿ, ಇಣುಕಿಯೇ ನೋಡೋಣ. ನಮ್ಮ ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 144 ಅಡಿ, ಅಂದರೆ 44 ಮೀಟರ್. ಬುಡದಲ್ಲಿ ಗುಮ್ಮಟದ ಗೋಡೆಯೇ ಹತ್ತು ಅಡಿ ದಪ್ಪ. ಎರಡೂ ಕಡೆಯ ದಪ್ಪ ಕಳೆದರೆ ಒಳಗೆ ಸುಮಾರು 38 ಮೀಟರ್ ಉಳಿಯುತ್ತದೆ. ರೋಮಿನ ಪ್ಯಾಂಥಿಯಾನ್ ಒಳಗಡೆ 43 ಮೀಟರ್ ದಾಟುತ್ತದೆ. ಅದನ್ನು ಕಟ್ಟಿದ್ದು ಕ್ರಿ.ಶ. 2ನೇ ಶತಮಾನದಲ್ಲಿ, ನಮ್ಮದಕ್ಕಿಂತ ಸುಮಾರು ಒಂದೂವರೆ ಸಾವಿರ ವರ್ಷ ಮುಂಚೆ. ನೆತ್ತಿಯಲ್ಲಿ ದೊಡ್ಡ ದುಂಡನೆ ಕಿಂಡಿ ಬಿಟ್ಟಿದ್ದಾರೆ. ಬಿಸಿಲೂ ಬೀಳುತ್ತದೆ, ಮಳೆಯೂ ಬೀಳುತ್ತದೆ. ನೀರು ಹರಿದುಹೋಗಲು ನೆಲದಲ್ಲಿ ತೂತುಗಳಿವೆ. ಅದೇ ರೋಮಿನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟ ಮುಗಿದದ್ದು 1590ರಲ್ಲಿ. ಅದೂ ಒಳಗೆ ಸುಮಾರು 42 ಮೀಟರ್. ಫ್ಲಾರೆನ್ಸ್ ಊರಿನ ಚರ್ಚಿನದು 1436ರದು, ಎಂಟು ಮೂಲೆಯದು, ಅದೂ ನಮ್ಮದಕ್ಕಿಂತ ಅಗಲ. ಈಗಿನ ಉಕ್ಕಿನ ಸ್ಟೇಡಿಯಂಗಳ ಚಾವಣಿಯನ್ನೂ ಸೇರಿಸಿದರೆ ನಾವು ಸಾಲಿನಲ್ಲಿ ಇನ್ನೂ ಎಷ್ಟೋ ಹಿಂದೆ ನಿಲ್ಲಬೇಕು.

ಅಂದರೆ ನಾವು ಎರಡನೆಯವರಲ್ಲ. ಆಯ್ತಲ್ಲ, ಆಕಾಶವೇನೂ ಕಳಚಿ ಬೀಳಲಿಲ್ಲ.

ಈಗ ನೋಡಿ, ಹೀಗೆ ಅಳತೆ ಹಿಡಿದು ಕೂತಾಗಲೇ ನಮ್ಮ ಗುಮ್ಮಟದ ನಿಜವಾದ ದೊಡ್ಡಸ್ತಿಕೆ ಸಿಗುವುದು. ಪ್ಯಾಂಥಿಯಾನ್‌ನ ನೆಲವೂ ದುಂಡಗಿದೆ. ದುಂಡನೆಯ ಗೋಡೆಯ ಮೇಲೆ ದುಂಡನೆಯ ಗುಮ್ಮಟ. ಅದರ ನೆಲದ ವಿಸ್ತೀರ್ಣ ಸುಮಾರು 15,800 ಚದರ ಅಡಿ. ನಮ್ಮದು ಚೌಕದ ಕೋಣೆ. ಒಂದೊಂದು ಬದಿ 135 ಅಡಿ. ಗುಣಿಸಿದರೆ 18,225 ಚದರ ಅಡಿ. ಅಂದರೆ ಚಿಕ್ಕ ಗುಮ್ಮಟ ಇಟ್ಟುಕೊಂಡು ಅದಕ್ಕಿಂತ ದೊಡ್ಡ ನೆಲಕ್ಕೆ ನೆರಳು ಕೊಟ್ಟಿದ್ದಾರೆ. ನಡುವೆ ಒಂದೇ ಒಂದು ಕಂಬ ಇಲ್ಲ. 19ನೇ ಶತಮಾನದಲ್ಲಿ ಕಟ್ಟಡಗಳ ಇತಿಹಾಸ ಬರೆದ ಜೇಮ್ಸ್ ಫರ್ಗ್ಯೂಸನ್ ಈ ಎರಡನ್ನೂ ಪಕ್ಕದಲ್ಲಿಟ್ಟು ಇದೇ ಲೆಕ್ಕ ತೋರಿಸಿದ್ದ. ‘ಎರಡನೇ ದೊಡ್ಡದು’ ಅನ್ನುವುದಕ್ಕಿಂತ ಇದನ್ನು ಹೇಳುವುದು ಎಷ್ಟು ಚೆಂದ ಅಲ್ವಾ? ಎಂಟನೇ ಕ್ಲಾಸಿನ ಮಕ್ಕಳು ಅಲ್ಲೇ ನಿಂತು ಈ ಲೆಕ್ಕ ಹಾಕಬಹುದು.

ಹಾಗಾದರೆ ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂತದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಒಳಗೆ ಹೋದ ಕೂಡಲೇ ಮೆಟ್ಟಿಲಿನ ಕಡೆ ಓಡಬಾರದು. ಮೂಲೆಯ ಮಿನಾರು, ಅದರ ಏಳು ಅಂತಸ್ತು, ಆ ಕಿರಿದಾದ ಮೆಟ್ಟಿಲು, ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಸಮಾಧಿಯ ಕಟ್ಟೆಯ ಹತ್ತಿರ ನಿಂತು ಮೇಲೆ ನೋಡಿ. ಕಮಾನುಗಳು ಒಂದನ್ನೊಂದು ಹಾಯ್ದು ಹೋಗಿವೆ. ಕ್ಲಾಸಿನಲ್ಲಿ ನಾನು ಬೋರ್ಡಿನ ಮೇಲೆ ಒಂದು ಚೌಕ ಬರೆಯುತ್ತೇನೆ. ಅದರ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಬರೆಯುತ್ತೇನೆ. ಎಂಟು ಮೂಲೆಯ ಚಿಕ್ಕಿ ಬರುತ್ತದೆ, ನಡುವೆ ಎಂಟು ಬದಿಯ ಜಾಗ ಉಳಿಯುತ್ತದೆ. ಆ ಎರಡು ಚೌಕಗಳ ಎಂಟು ಗೆರೆಗಳೇ ಎಂಟು ಕಮಾನು. ಚೌಕ ಹೀಗೆ ಎಂಟು ಬದಿಗೆ ಇಳಿಯುತ್ತದೆ, ಎಂಟು ಬದಿ ದುಂಡಗಾಗಲು ಕಷ್ಟವಿಲ್ಲ. ಇನ್ನೂ ಒಂದು ಜಾಣತನ ಇದೆ. ಗುಮ್ಮಟದ ಭಾರ ಯಾವಾಗಲೂ ಹೊರಕ್ಕೆ ತಳ್ಳುತ್ತದೆ. ಈ ಕಮಾನುಗಳ ನಡುವೆ ಒಳಕ್ಕೆ ಬಾಗಿ ನಿಂತಿರುವ ಗಾರೆ ಕೆಲಸದ ಭಾರ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಈ ಗುಮ್ಮಟದಡಿ ಮಲಗಿರುವ ಸುಲ್ತಾನ ಮೊಹಮ್ಮದ್ ಆದಿಲ್ ಶಾ 1656ರಲ್ಲಿ ತೀರಿಕೊಂಡ. ಆ ತಳ್ಳಾಟ, ಎಳೆದಾಟ ಇವತ್ತಿಗೂ ನಮ್ಮ ತಲೆ ಮೇಲೆ ನಡೆದೇ ಇದೆ.

ಇದೇ ಉಪಾಯವನ್ನು ಇದಕ್ಕಿಂತ ಮೊದಲು ನಮ್ಮದೇ ಜುಮ್ಮಾ ಮಸೀದಿಯಲ್ಲಿ ಚಿಕ್ಕದಾಗಿ ಮಾಡಿದ್ದರು. ಅಲ್ಲಿಗೆ ಹೋಗುವ ಪ್ರವಾಸಿಗರೇ ಕಮ್ಮಿ, ಹೋದವರು ಮೇಲೆ ನೋಡುವುದೂ ಕಮ್ಮಿ. ಸ್ಪೇನ್ ದೇಶದ ಕಾರ್ಡೋಬಾ ಅನ್ನುವ ಊರಿನ ಹಳೆಯ ಮಸೀದಿಯಲ್ಲಿ 10ನೇ ಶತಮಾನದಲ್ಲೇ ಕಮಾನುಗಳನ್ನು ಹೀಗೆ ಒಂದರ ಮೇಲೊಂದು ಹಾಯಿಸಿದ್ದಾರೆ. ಅದರ ಫೋಟೋ ಮೊಬೈಲಿನಲ್ಲಿ ತೆಗೆದು ಮಕ್ಕಳಿಗೆ ತೋರಿಸಿ ನೋಡಿ. ‘ಸರ, ಇದು ನಮ್ಮ ಗುಮ್ಮಟದಾಂಗ ಐತಿ’ ಅಂತ ಅವರೇ ಹೇಳುತ್ತಾರೆ. ಆಮೇಲೆ ಕಾರ್ಡೋಬಾ ಎಲ್ಲಿದೆ ಅಂತ ನಕ್ಷೆಯಲ್ಲಿ ತಾವೇ ಹುಡುಕುತ್ತಾರೆ.

ಮೇಲಿನ ಗ್ಯಾಲರಿಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ನಡೆಯುವ ಗದ್ದಲ ನಿಮಗೆ ಹೊಸದೇನಲ್ಲ. ಸಿಳ್ಳೆ, ಕೂಗು, ಚಪ್ಪಾಳೆ, ಪ್ರೀತಿಸಿದವರ ಹೆಸರು, ಕ್ರಿಕೆಟ್ ಆಟಗಾರರ ಹೆಸರು. ಕೂಗುವುದೇ ಬೇಡ ಅಂತ ನಾನು ಹೇಳಲ್ಲ. ಅಷ್ಟು ದೂರ ಬಂದ ಹುಡುಗರಿಗೆ ಒಂದು ಸಲವಾದರೂ ಕೂಗಬೇಕು ಅನಿಸುತ್ತದೆ. ಆದರೆ ಕೂಗಿದ ಮೇಲೆ ಎಲ್ಲರನ್ನೂ ಒಂದು ನಿಮಿಷ ಸುಮ್ನೆ ಕೂರಿಸಿ. ಒಬ್ಬ ಹುಡುಗಿ ಗೋಡೆಯ ಹತ್ತಿರ ಬಾಯಿಟ್ಟು ಪಿಸುಗುಟ್ಟಲಿ, ಇಲ್ಲವೇ ಒಂದು ಕಾಗದ ಹರಿಯಲಿ. ಎದುರು ಕಡೆ ಗೋಡೆಗೆ ಕಿವಿ ಕೊಟ್ಟವಳ ಮುಖ ನೋಡಿ.

ಅಲ್ಲಿ ನಡೆಯುವುದು ಎರಡು ಬೇರೆ ಬೇರೆ ಸಂಗತಿ. ಚಪ್ಪಾಳೆ ಮತ್ತೆ ಮತ್ತೆ ಕೇಳಿಸುವುದು ಒಂದು. ಸದ್ದು ಎದುರು ಗೋಡೆಗೆ ಬಡಿದು ವಾಪಸ್ ಬರಲು ಸುಮಾರು 76 ಮೀಟರ್ ಓಡಬೇಕು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ಕಾಲು ಸೆಕೆಂಡಿಗೂ ಸ್ವಲ್ಪ ಕಮ್ಮಿ. ಹಾಗೆ ಹೋಗಿ ಬಂದು, ಹೋಗಿ ಬಂದು ಏಳೆಂಟು ಸಲ ಕೇಳುತ್ತದೆ. ಪಿಸುಮಾತಿನ ಕಥೆ ಬೇರೆ. ಅದು ನಡುವಿನ ಗಾಳಿಯನ್ನು ಹಾಯ್ದು ಹೋಗುವುದಿಲ್ಲ. ಬಾಗಿದ ಗೋಡೆಯನ್ನೇ ಹಿಡಿದುಕೊಂಡು ಸುತ್ತುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗ್ಯಾಲರಿಯಲ್ಲಿ ಇದನ್ನು ಗಮನಿಸಿ ಕಾರಣ ಬಿಡಿಸಿ ಹೇಳಿದವರು ವಿಜ್ಞಾನಿ ಲಾರ್ಡ್ ರೇಲಿ. 1921ರಲ್ಲಿ ನಮ್ಮ ಸಿ.ವಿ. ರಾಮನ್ ಅದೇ ಗ್ಯಾಲರಿಯಲ್ಲಿ ಪ್ರಯೋಗ ಮಾಡಿದರು. ಊರಿಗೆ ಮರಳಿದ ಮೇಲೆ ನಮ್ಮ ದೇಶದ ಪಿಸುಗುಟ್ಟುವ ಗ್ಯಾಲರಿಗಳ ಬಗ್ಗೆ ಬರೆದರು. ಅದರಲ್ಲಿ ನಮ್ಮ ಗೋಳಗುಮ್ಮಟವೂ ಇದೆ. ಅಂದ ಹಾಗೆ, ಲಂಡನ್ನಿನ ಗ್ಯಾಲರಿಗಿಂತ ನಮ್ಮದು ಅರ್ಧ ಶತಮಾನ ಹಿರಿಯದು. ಈ ಒಂದು ಜಂಬ ಇಟ್ಟುಕೊಳ್ಳೋಣ, ತಪ್ಪಿಲ್ಲ.

ಇನ್ನು ಎರಡನೇ ಮಾತು. ಬಂದವರಿಗೆ ನಮ್ಮ ಊರು ತೋರಿಸುವಾಗ ಅವರ ಊರಿನ ಬಗ್ಗೆಯೂ ಕೇಳಿ.

ನೀವು ನಗಬಹುದು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರನ್ನು ‘ಯಾವೂರ್ರಿ?’ ಅಂತ ಕೇಳದೆ ಯಾರು ಬಿಡುತ್ತಾರೆ? ಕೇಳುತ್ತೇವೆ, ಖರೆ. ಆದರೆ ಉತ್ತರ ಬಂದ ಕೂಡಲೇ ‘ಹೌದ್ರ್ಯಾ?’ ಅಂದು ನಮ್ಮದೇ ಶುರು ಮಾಡುತ್ತೇವೆ. ಎರಡನೇ ಪ್ರಶ್ನೆ ಬರುವುದೇ ಇಲ್ಲ.

ಇದನ್ನು ವಿಜಯಪುರದವರಿಗೇ ಯಾಕೆ ಹೇಳುತ್ತೇನೆ ಅಂದರೆ, ಈ ಊರು ದೊಡ್ಡದಾದದ್ದೇ ದೂರದವರಿಂದ. 1490ರ ಹೊತ್ತಿಗೆ ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಖಾನ್ ಹೊರಗಿನಿಂದ ಬಂದವನು. ಅವನು ಟರ್ಕಿಯ ಸುಲ್ತಾನನ ಮಗ ಅಂತ ಬರೆದಿಟ್ಟವನು ಫರಿಶ್ತಾ. ಅದನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ, ಅದಿರಲಿ. ಫರಿಶ್ತಾ ಕೂಡ ಇಲ್ಲಿಯವನಲ್ಲ, ಕ್ಯಾಸ್ಪಿಯನ್ ಸಮುದ್ರದ ಹತ್ತಿರದ ಅಸ್ತ್ರಾಬಾದಿನವನು. ಎರಡನೇ ಇಬ್ರಾಹಿಂ ಆದಿಲ್ ಶಾ ಕಾಲದಲ್ಲಿ ಇಲ್ಲಿ ಕೂತು ದಖ್ಖನ್ನಿನ ಇತಿಹಾಸ ಬರೆದ. ಅದೇ ಇಬ್ರಾಹಿಮನ ಆಸ್ಥಾನದಲ್ಲಿ 1610ರ ಸುಮಾರಿಗೆ ಹಾಲೆಂಡಿನ ಹಾರ್ಲೆಮ್ ಊರಿನ ಚಿತ್ರಕಾರನೊಬ್ಬ ಇದ್ದ, ಕಾರ್ನೆಲಿಸ್ ಹೇಡಾ ಅಂತ. ಮೊದಲು ಪ್ರಾಗ್ ನಗರದಲ್ಲಿ ಚಕ್ರವರ್ತಿ ರುಡಾಲ್ಫನ ಬಳಿ ಇದ್ದ. ಅಲ್ಲಿಂದ ಪರ್ಷಿಯಾಕ್ಕೆಂದು ಹೊರಟವನು ಗೋವಾ ಮುಟ್ಟಿ, ಕಡೆಗೆ ನಮ್ಮ ಊರು ಸೇರಿದ. ಆ ಕಾಲದ ಹಾರ್ಲೆಮ್‌ನಲ್ಲಿ ಚಳಿಗಾಲಕ್ಕೆ ಕಾಲುವೆ ನೀರೇ ಹೆಪ್ಪುಗಟ್ಟುತ್ತಿತ್ತು. ಆ ಮನುಷ್ಯ ನಮ್ಮ ಏಪ್ರಿಲ್ ತಿಂಗಳನ್ನು ಹೇಗೆ ಕಳೆದನೋ!

ತೊರವಿಯ ಸುರಂಗ ಬಾವಡಿ ನೋಡಿ. ನೆಲದಡಿ ಸುರಂಗ ಕೊರೆದು ದೂರದಿಂದ ನೀರು ತರುವುದು ಇರಾನಿನವರ ವಿದ್ಯೆ. ಊರಿನಲ್ಲಿರುವ ಬವೊಬಾಬ್ ಮರಗಳು ಆಫ್ರಿಕಾದವು. ನಮ್ಮ ಬಿಳಿಜೋಳದ ಮೂಲ ಆಫ್ರಿಕಾ, ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿ ಮೆಕ್ಸಿಕೋ ಕಡೆಯದು. ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ ಒಂದೇ ತಾಟಿನಲ್ಲಿ ಇಟ್ಟುಕೊಂಡು ‘ಇದು ಅಪ್ಪಟ ನಮ್ಮದು’ ಅಂತೀವಿ. ನಮ್ಮದೇ, ಯಾರೂ ಇಲ್ಲ ಅನ್ನಲ್ಲ.

ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿಗೆ ಹೋಗಿದ್ದೀರಾ? ಹಸಿ ದ್ರಾಕ್ಷಿಯನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಕಾಯಿಯ ಮೇಲಿನ ಮೇಣದ ಪೊರೆ ಸಡಿಲವಾಗುತ್ತದೆ. ಆಮೇಲೆ ಬಲೆಯ ಅಟ್ಟಗಳ ಮೇಲೆ ಹರಡಿದರೆ ನೆರಳಲ್ಲೇ ಬೇಗ ಒಣಗುತ್ತದೆ, ಬಣ್ಣವೂ ಕಪ್ಪಾಗುವುದಿಲ್ಲ. ಮೆಡಿಟರೇನಿಯನ್ ಸಮುದ್ರದ ದಂಡೆಯ ರೈತರು ಹಿಂದೆ ಬೂದಿ ನೀರು ಮತ್ತು ಆಲಿವ್ ಎಣ್ಣೆಯಲ್ಲಿ ಹೀಗೇ ಅದ್ದುತ್ತಿದ್ದರು. ಗ್ರೀಸ್ ದೇಶದ ದ್ರಾಕ್ಷಿ ರೈತನೊಬ್ಬ ತಿಕೋಟಾಕ್ಕೆ ಬಂದರೆ ಅವನಿಗೆ ಏನನ್ನೂ ವಿವರಿಸಬೇಕಾಗಿಲ್ಲ.

ಆದರೆ ದೂರದಿಂದ ಬಂದದ್ದೆಲ್ಲ ಸಂತೋಷದಿಂದ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೊಹಮ್ಮದ್ ಆದಿಲ್ ಶಾ ಕಾಲದ ದೊಡ್ಡ ಮಂತ್ರಿ ಇಖ್ಲಾಸ್ ಖಾನ್ ಹಬಶಿ. ಹಬಶಿ ಅಂದರೆ ಆಫ್ರಿಕಾ ಮೂಲದವನು. ಆ ಹಬಶಿಗಳಲ್ಲಿ ಹೆಚ್ಚಿನವರು ಇಥಿಯೋಪಿಯಾ ಕಡೆಯಿಂದ ಗುಲಾಮರಾಗಿ ಮಾರಾಟವಾಗಿ ದಖ್ಖನ್ನಿಗೆ ಬಂದವರು. ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನು ತುರ್ಕಿ ಕಡೆಯ ರೂಮಿ. ಸುಮಾರು 55 ಟನ್ ತೂಕದ ಅದು ನಮ್ಮ ಬುರುಜಿಗೆ ಬಂದದ್ದು ಪರಂಡಾ ಕೋಟೆಯಿಂದ, ಗೆದ್ದ ಮಾಲಾಗಿ. ತೋಪಿನ ಬಾಯಿಯ ಮೇಲೆ ಸಿಂಹ ಆನೆಯನ್ನು ನುಂಗುತ್ತಿದೆ. ಅದರ ಮುಂದೆ ಸೆಲ್ಫಿ ತೆಗೆಸುವಾಗ ಈ ಮಾತನ್ನೂ ಹೇಳಬೇಕು. ಬಂದವರಿಗೆ ಬರೀ ಚೆಂದದ್ದನ್ನೇ ಹೇಳಿ ಕಳಿಸಿದರೆ ಅವರೂ ತಮ್ಮ ಊರಿನ ಚೆಂದದ್ದನ್ನಷ್ಟೇ ಹೇಳಿ ಹೋಗುತ್ತಾರೆ.

ಕೇಳಿದರೆ ಏನು ಸಿಗುತ್ತದೆ ಅಂತೀರಾ? ನಮ್ಮ ಓಣಿಯಲ್ಲಿ ಒಂದು ಮನೆ ಕಟ್ಟುವಾಗ ಟೈಲ್ಸ್ ಹಾಕಲು ಬಿಹಾರದ ಹುಡುಗರು ಬಂದಿದ್ದರು. ಒಂದು ರವಿವಾರ ಅವರಲ್ಲೊಬ್ಬ ನಮ್ಮ ಜೊತೆ ಗುಮ್ಮಟಕ್ಕೆ ಬಂದ. ಇಪ್ಪತ್ತರ ಆಸುಪಾಸಿನ ಹುಡುಗ, ಮಾತು ಕಮ್ಮಿ. ಗ್ಯಾಲರಿಯಲ್ಲಿ ನನ್ನ ಜೊತೆಗಿದ್ದ ಮಕ್ಕಳಲ್ಲಿ ಒಬ್ಬಳು ಸುಮ್ನೆ ಕೇಳಿದಳು, ‘ಅಣ್ಣಾ, ತುಮ್ಹಾರೆ ಗಾಂವ್ ಮೇಂ ಕ್ಯಾ ಹೈ?’ ಅಂತ. ಹುಡುಗ ಒಂದು ಕ್ಷಣ ನಮ್ಮ ಮುಖ ನೋಡಿದ. ಆಮೇಲೆ ‘ಹಮಾರೆ ಪಟನಾ ಮೇಂ ಭೀ ಗೋಲ್‌ಘರ್ ಹೈ’ ಅಂತ ಶುರು ಮಾಡಿದವನು ಇಳಿದು ಗೇಟಿಗೆ ಬರುವ ತನಕ ನಿಲ್ಲಿಸಲಿಲ್ಲ.

ಪಾಟ್ನಾದ ಗೋಲ್‌ಘರ್ ಧಾನ್ಯದ ಉಗ್ರಾಣ. 1770ರ ಬರಗಾಲದಲ್ಲಿ ಬಂಗಾಳ, ಬಿಹಾರದಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಆ ಮೇಲೆ ಬ್ರಿಟಿಷರು ಕಟ್ಟಿಸಿದ್ದು, ಮುಗಿದದ್ದು 1786ರಲ್ಲಿ. 29 ಮೀಟರ್ ಎತ್ತರ, ಜೇನುಗೂಡಿನ ಆಕಾರ, ಒಳಗೂ ಕಂಬ ಇಲ್ಲ. ಹೊರಗೋಡೆಯನ್ನು ಸುತ್ತಿಕೊಂಡು 145 ಮೆಟ್ಟಿಲು ಮೇಲೆ ಹೋಗುತ್ತವೆ. ಚೀಲ ಹೊತ್ತವರು ಒಂದು ಕಡೆಯಿಂದ ಹತ್ತಿ, ನೆತ್ತಿಯ ತೂತಿನಲ್ಲಿ ಕಾಳು ಸುರಿದು, ಇನ್ನೊಂದು ಕಡೆಯಿಂದ ಇಳಿಯಲಿ ಅಂತ. ಮೇಲೆ ನಿಂತರೆ ಗಂಗಾ ನದಿ ಕಾಣುತ್ತದಂತೆ. ಅದರೊಳಗೂ ಸದ್ದು ಮೊಳಗುತ್ತದಂತೆ. ನಮ್ಮ ಗುಮ್ಮಟ ರಾಜನ ಗೋರಿ, ಅವರದು ಹಸಿವಿಗೆ ಹೆದರಿ ಕಟ್ಟಿದ್ದು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ‘ಇಷ್ಟು ದಿನಾ ಯಾಕ ಹೇಳಲಿಲ್ಲೋ?’ ಅಂತ ನಾನೇ ಕೇಳಿದೆ. ‘ಯಾರೂ ಕೇಳಲಿಲ್ಲ ಸರ್’ ಅಂದ.

ಈಗ ನಮ್ಮ ಮಂದಿಯ ಕಡೆ ತಿರುಗಿ. ನಮ್ಮ ಜಿಲ್ಲೆಯಿಂದ ಎಷ್ಟು ಜನ ಗುಳೆ ಹೋಗುತ್ತಾರೆ ಅಂತ ನಿಮಗೆಲ್ಲ ಗೊತ್ತು. ಗೋವಾ, ಮಂಗಳೂರು, ಪುಣೆ, ಮುಂಬೈ, ಕಬ್ಬು ಕಡಿಯಲು ಮಹಾರಾಷ್ಟ್ರ. ತಾಂಡಾಗಳಿಗೆ ಹೋದರೆ ಮನೆಮನೆಗೆ ಬೀಗ. ಅಲ್ಲಿ ನಮ್ಮವರನ್ನು ಯಾರಾದರೂ ‘ನಿಮ್ಮೂರಲ್ಲಿ ಏನಿದೆ?’ ಅಂತ ಕೇಳುತ್ತಾರೋ ಇಲ್ಲವೋ, ಅದು ನಮ್ಮ ಕೈಯಲ್ಲಿಲ್ಲ. ಆದರೆ ಅವರ ಮಕ್ಕಳು ನಮ್ಮ ಕ್ಲಾಸಿನಲ್ಲೇ ಕೂತಿದ್ದಾರೆ. ಸಮುದ್ರದ ಪಾಠ ಬಂದಾಗ ನಾವು ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಅಲೆ ಬರೆಯುತ್ತೇವೆ. ಹಿಂದಿನ ಬೆಂಚಿನಲ್ಲಿ ಕೂತ ಹುಡುಗ ಗೋವಾದ ಬಂದರಿನಲ್ಲಿ ಅಪ್ಪನ ಜೊತೆ ತಿಂಗಳುಗಟ್ಟಲೆ ಇದ್ದು ಬಂದಿರುತ್ತಾನೆ. ಭರತ ಬಂದಾಗ ದೋಣಿ ಎಲ್ಲಿಗೆ ಏರುತ್ತದೆ, ಮಳೆಗಾಲದಲ್ಲಿ ಮೀನುಗಾರಿಕೆ ಯಾಕೆ ನಿಲ್ಲುತ್ತದೆ ಅಂತ ಅವನಿಗೆ ಗೊತ್ತು. ನಾವು ಅವನ ಹಾಜರಿ ಕಮ್ಮಿ ಅಂತ ಬೈದು ಕೂರಿಸುತ್ತೇವೆ.

ಅಧಿಕಾರದಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಬಿನ್ನಹ. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಒಳ್ಳೆಯ ಮ್ಯೂಸಿಯಂ ಇದೆ. ಅಲ್ಲೋ, ತೋಟದ ದಾರಿಯಲ್ಲೋ ಒಂದು ದೊಡ್ಡ ಪ್ರಪಂಚದ ನಕ್ಷೆ ಹಾಕಿಸಿ, ಕನ್ನಡದಲ್ಲಿ. ವಿಜಯಪುರದಿಂದ ಅಸ್ತ್ರಾಬಾದಿಗೆ, ಹಾರ್ಲೆಮ್‌ಗೆ, ಇಥಿಯೋಪಿಯಾಕ್ಕೆ ಗೆರೆ ಎಳೆಯಿರಿ. ಪಕ್ಕದಲ್ಲಿ ಪ್ಯಾಂಥಿಯಾನ್, ಫ್ಲಾರೆನ್ಸ್, ಸೇಂಟ್ ಪಾಲ್ಸ್, ಗೋಲ್‌ಘರ್, ನಮ್ಮ ಗುಮ್ಮಟ, ಎಲ್ಲವನ್ನೂ ಒಂದೇ ಅಳತೆಗೆ ಇಳಿಸಿ ಚಿತ್ರ ಬರೆಸಿ. ಯಾವುದು ಎಷ್ಟನೆಯದು ಅಂತ ಬರೆಯುವುದು ಬೇಡ, ನೋಡಿದವರಿಗೇ ಗೊತ್ತಾಗುತ್ತದೆ. ಬಂದವರು ತಮ್ಮ ಊರಿನ ಹೆಸರು, ಅಲ್ಲಿ ನೋಡಬೇಕಾದ ಒಂದು ಜಾಗ ಬರೆದು ಹೋಗಲು ಒಂದು ದಪ್ಪ ರಿಜಿಸ್ಟರ್ ಇಡಿ. ಖರ್ಚು ಏನೂ ಜಾಸ್ತಿ ಆಗಲ್ಲ.

ಗೈಡ್ ಅಣ್ಣಂದಿರೇ, ನಿಮಗೆ ಹೊಟ್ಟೆಪಾಡಿನ ಕೆಲಸ, ಒಂದು ಗುಂಪು ಮುಗಿಸಿ ಇನ್ನೊಂದು ಗುಂಪು ಹಿಡಿಯಬೇಕು, ಗೊತ್ತು. ಎಲ್ಲರನ್ನೂ ಕೇಳಲು ಆಗಲ್ಲ. ಮೆಟ್ಟಿಲು ಹತ್ತುವಾಗ ದಮ್ಮು ತೆಗೆದುಕೊಳ್ಳಲು ನಿಲ್ಲುತ್ತೀರಲ್ಲ, ಅಲ್ಲಿ ಒಬ್ಬರನ್ನು ಕೇಳಿ ಸಾಕು. ಮಾಸ್ತರರೇ, ಅಕ್ಕೋರೇ, ಡಿಸೆಂಬರಿನಲ್ಲಿ ಟ್ರಿಪ್ ಮಾಡುವ ಮುಂಚೆ ಕ್ಲಾಸಿನಲ್ಲಿ ಯಾರ್ಯಾರು ಎಲ್ಲೆಲ್ಲಿ ಇದ್ದು ಬಂದಿದ್ದಾರೆ ಅಂತ ಒಂದು ಪಿರಿಯಡ್ ಪೂರ್ತಿ ಕೇಳಿ. ಹಿಂದಿನ ಬೆಂಚಿನಿಂದ ಶುರು ಮಾಡಿ.

ಇಂತಿ,
ವಿಜಯಪುರದ ಒಬ್ಬ ಲೆಕ್ಕದ ಮಾಸ್ತರ